ತೆಂಗಿನ ತೋಟದಲ್ಲಿ ನಿಂತ ಲಾರಿಗಳು ಮತ್ತು ಮುಗಿಯದ ಲೆಕ್ಕ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ ಕುಟುಂಬದ ಆಸ್ತಿ ವಿಭಾಗವಾಗುವಾಗ ಪಂಚರ ಮುಂದೆ ಓದಲಾಗುವ ಪಟ್ಟಿಯಲ್ಲಿ ಫಸಲಿಗೆ ಬಂದ ಮರಗಳ ಸಂಖ್ಯೆ, ಕೊಳವೆ ಬಾವಿ, ಕೊಬ್ಬರಿ ಮನೆ, ಅಟ್ಟದ ಮೇಲಿನ ಕಾಯಿ ಎಲ್ಲವೂ ಸೇರಿರುತ್ತವೆ. ಬೇಲಿಯ ಮಗ್ಗುಲಲ್ಲಿ ಸೋಗೆ ಹೊದ್ದು ನಿಂತ ಹಳೆಯ ಲಾರಿ ಮಾತ್ರ ಆ ಪಟ್ಟಿಗೆ ಸೇರುವುದು ಅಪರೂಪ. ಭಾಗಪತ್ರಕ್ಕೆ ಸಹಿ ಬಿದ್ದು, ಆ ಮೂಲೆಯ ಜಮೀನು ಯಾರ ಪಾಲಿಗೆ ಬಂತೋ ಅವರು ಕಳೆ ತೆಗೆಸಲು ಹೋದಾಗ ಅದು ಮತ್ತೆ ಕಣ್ಣಿಗೆ ಬೀಳುತ್ತದೆ: ಲಂಟಾನದ ಪೊದೆಯೊಳಗೆ ಚಾಲಕನ ಕೋಣೆ, ಮಣ್ಣಿಗೆ ಇಳಿದ ಚಾಸಿ, ಅಕ್ಷರ ಮಾಸಿದ ಸಂಖ್ಯಾಫಲಕ. ದಂಡಿನಶಿವರ ಹೋಬಳಿಯ ತೋಟದ ದಾರಿಗಳಲ್ಲಿ ಓಡಾಡಿದವರಿಗೆ ಈ ನೋಟ ಹೊಸದೇನಲ್ಲ. ಎಲ್ಲ ಕಡೆಯೂ ಲಾರಿಯೇ ಆಗಬೇಕೆಂದಿಲ್ಲ. ಒಂದು ಕೊಟ್ಟಿಗೆಯಲ್ಲಿ ಪ್ರೀಮಿಯರ್ ಪದ್ಮಿನಿ, ಇನ್ನೊಂದರಲ್ಲಿ ಮಟಾಡೋರ್ ಇರಬಹುದು.

"ನಿಂತದ್ದು ನಿಂತಿರಲಿ, ಅದೇನು ಮೇವು ಕೇಳುತ್ತದೆಯೇ" ಎಂಬುದು ಇಂತಹ ವಾಹನದ ಬಗ್ಗೆ ಮನೆಯ ಹಿರಿಯರು ಸಾಮಾನ್ಯವಾಗಿ ಆಡುವ ಮಾತು. ಈ ಮಾತಿನ ಹಿಂದೆ ಸೀಮೆಯ ವ್ಯಾಪಾರದ ಅನುಭವವೇ ಇದೆ ಎನ್ನಬೇಕು. ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಮುಟ್ಟದೆ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ದರ ಬಿದ್ದಾಗ ಮಾರದೆ ಕಾಯ್ದವರು ಲಾಭ ಕಂಡ ವರ್ಷಗಳೂ ಉಂಟು. ಕಾಯುವುದೇ ಬಂಡವಾಳವೆಂದು ತಿಳಿದ ಈ ಬುದ್ಧಿ ಕಬ್ಬಿಣದ ವಿಷಯದಲ್ಲಿ ತಪ್ಪು ದಾರಿ ಹಿಡಿಸಿದೆ. ಕಾಯಿ ಅಟ್ಟದ ಮೇಲೆ ಕೊಬ್ಬರಿಯಾಗುವಷ್ಟು ಕಾಲದಲ್ಲಿ ತೋಟದ ಲಾರಿಯ ಮೇಲೆ ನಾಲ್ಕು ತ್ರೈಮಾಸಿಕಗಳ ರಸ್ತೆ ತೆರಿಗೆ ಏರಿರುತ್ತದೆ.

ಈ ತೆರಿಗೆಯ ವಿಷಯ ಅನೇಕ ವರ್ತಕರಿಗೆ ತಿಳಿದಿಲ್ಲದಿರುವುದು ಆಶ್ಚರ್ಯವೇ ಸರಿ. 1957ರ ಕರ್ನಾಟಕ ಮೋಟಾರು ವಾಹನ ತೆರಿಗೆ ಕಾಯಿದೆಯ 3ನೇ ಪ್ರಕರಣವು ರಸ್ತೆಯಲ್ಲಿ ಬಳಸಲು ಯೋಗ್ಯವಾದ ವಾಹನಗಳ ಮೇಲೆ ತೆರಿಗೆ ವಿಧಿಸುತ್ತದೆ. ಅದಕ್ಕೆ ಸೇರಿಸಿದ ವಿವರಣೆಯ ಪ್ರಕಾರ, ನೋಂದಣಿ ಪತ್ರ ಜಾರಿಯಲ್ಲಿರುವವರೆಗೆ ವಾಹನವು ರಸ್ತೆಗೆ ಯೋಗ್ಯವೆಂದೇ ಭಾವಿಸಲಾಗುತ್ತದೆ. ಎಂಜಿನ್ ಕಳಚಿ ಕೊಳವೆ ಬಾವಿಯ ಪಕ್ಕ ಕೂಡಿಸಿದ್ದರೂ, ಚಕ್ರ ಎತ್ತಿನ ಗಾಡಿಗೆ ಹೋಗಿದ್ದರೂ ಕಡತದಲ್ಲಿ ಆ ಲಾರಿ ಓಡುತ್ತಲೇ ಇರುತ್ತದೆ. ವಾಹನವನ್ನು ಉಪಯೋಗಿಸುವುದಿಲ್ಲವೆಂದು ಸಾರಿಗೆ ಕಚೇರಿಗೆ ಮುಂಚಿತವಾಗಿ ತಿಳಿಸಿ, ದಾಖಲೆ ಒಪ್ಪಿಸಿ ವಿನಾಯಿತಿ ಪಡೆಯುವ ಮಾರ್ಗವಿದೆ. ಆದರೆ ವಾಹನ ನಿಲ್ಲುವುದು ಯಾವಾಗಲೂ ತಾತ್ಕಾಲಿಕವೆಂಬ ನಂಬಿಕೆಯಲ್ಲಿ. ಮುಂದಿನ ಫಸಲಿಗೆ ರಿಪೇರಿ ಮಾಡಿಸೋಣ ಎಂದುಕೊಂಡವರು ಅರ್ಜಿ ಹಿಡಿದು ತಿಪಟೂರಿಗೋ ತುಮಕೂರಿಗೋ ಹೋಗುವುದಿಲ್ಲ.

ಇನ್ನು, 1988ರ ಮೋಟಾರು ವಾಹನ ಕಾಯಿದೆಯ 55ನೇ ಪ್ರಕರಣವು ಮಾಲೀಕನ ಮೇಲೆ ಸ್ಪಷ್ಟವಾದ ಕರ್ತವ್ಯವನ್ನೇ ಹೊರಿಸಿದೆ. ವಾಹನ ನಾಶವಾದರೆ ಅಥವಾ ಶಾಶ್ವತವಾಗಿ ಬಳಕೆಗೆ ಬಾರದಂತಾದರೆ 14 ದಿನಗಳೊಳಗೆ, ಇಲ್ಲವೇ ಸಾಧ್ಯವಾದಷ್ಟು ಬೇಗ, ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಿ ನೋಂದಣಿ ಪತ್ರವನ್ನು ಒಪ್ಪಿಸಬೇಕು. ಹೊಸ ವಾಹನ ಕೊಂಡ ದಿನ ಪೂಜೆ ಮಾಡಿಸುವ ಮನೆಗಳಲ್ಲಿ ಈ ಎರಡನೆಯ ಸಂಸ್ಕಾರದ ಪರಿಚಯವೇ ಇಲ್ಲ.

ತೋಟಗಳಲ್ಲಿ ಇಷ್ಟೊಂದು ಲಾರಿಗಳು ಹೇಗೆ ನಿಂತವು ಎಂಬುದನ್ನು ಸ್ವಲ್ಪ ವಿಚಾರಿಸುವುದು ಉಚಿತ. ಹಳೆಯ ಕಾರಣ ರಹದಾರಿಯದು. ತಿಪಟೂರಿನ ಉಂಡೆ ಕೊಬ್ಬರಿಗೆ ಉತ್ತರ ಭಾರತವೇ ದೊಡ್ಡ ಗಿರಾಕಿ. ಕೇಂದ್ರ ಮೋಟಾರು ವಾಹನ ನಿಯಮಾವಳಿಯ 88ನೇ ನಿಯಮದಂತೆ ಬಹು ಅಚ್ಚಿನ ಲಾರಿಗಳನ್ನು ಬಿಟ್ಟು ಉಳಿದವುಗಳಿಗೆ 12 ವರ್ಷ ತುಂಬಿದ ಮೇಲೆ ರಾಷ್ಟ್ರೀಯ ರಹದಾರಿ ದೊರೆಯದು. ದೆಹಲಿಯ ದಾರಿ ಸವೆಸಿದ ಲಾರಿ ಅಲ್ಲಿಗೆ ಊರಿಗೆ ಮರಳುತ್ತದೆ; ಕೆಲವು ವರ್ಷ ಕಾಯಿ, ಮಟ್ಟೆ, ಇಟ್ಟಿಗೆ, ಗೊಬ್ಬರ ಹೊರುತ್ತದೆ; ಕೊನೆಗೆ ಒಂದು ದೊಡ್ಡ ರಿಪೇರಿ ಎದುರಾದ ದಿನ ನಿಲ್ಲುತ್ತದೆ. 1980ರ ದಶಕದಲ್ಲಿ ಜಪಾನಿ ಸಹಯೋಗದೊಂದಿಗೆ ಬಂದ ಡಿಸಿಎಂ ಟೊಯೋಟಾ, ಆಲ್ವಿನ್ ನಿಸ್ಸಾನ್ ಮುಂತಾದ ಹಗುರ ಲಾರಿಗಳ ಕಥೆ ಇನ್ನೂ ಬೇಗ ಮುಗಿಯಿತು. ಕಂಪನಿಗಳ ಹೆಸರೇ ಅಳಿದ ಮೇಲೆ ಬಿಡಿಭಾಗಗಳನ್ನು ಎಲ್ಲಿ ಹುಡುಕುವುದು?

ಹೊಸ ಕಾರಣ ಬೇರೆ, ಮತ್ತು ಹೆಚ್ಚು ಭಾರವಾದದ್ದು. 2000ದ ದಶಕದಲ್ಲಿ ಕಬ್ಬಿಣದ ಅದಿರಿನ ಬೆಲೆ ಏರಿದಾಗ ಚಿಕ್ಕನಾಯಕನಹಳ್ಳಿ ಭಾಗದ ಗಣಿಗಳಿಂದ ಅದಿರು ಸಾಗಿಸುವುದೇ ಒಂದು ಉದ್ಯಮವಾಯಿತು. ಕೃಷಿ ಕುಟುಂಬಗಳೂ ಸಾಲ ಮಾಡಿ ಲಾರಿ, ಟಿಪ್ಪರು ಕೊಂಡವು. ಅಕ್ರಮ ಗಣಿಗಾರಿಕೆಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯಲ್ಲೂ, ಆಗಸ್ಟ್ 26ರಂದು ತುಮಕೂರು ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲೂ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರ ಏಪ್ರಿಲ್‌ನಲ್ಲಿ ಕೆಲವು ವರ್ಗದ ಗಣಿಗಳಿಗೆ ಷರತ್ತಿನ ಅನುಮತಿ ದೊರೆತರೂ ಹಿಂದಿನ ಸಾಗಣೆ ಮರಳಲಿಲ್ಲ. ನ್ಯಾಯಾಲಯದ ಆದೇಶ ನ್ಯಾಯವಾದದ್ದೇ; ಗುಡ್ಡ ಉಳಿಯಬೇಕಾಗಿತ್ತು. ಆದರೆ ಕಂತು ಕಟ್ಟಬೇಕಾದ ಲಾರಿಗೆ ಒಂದೇ ದಿನದಲ್ಲಿ ಬಾಡಿಗೆ ತಪ್ಪಿದ್ದೂ ನಿಜ. ಕೆಲವು ವಾಹನಗಳನ್ನು ಸಾಲ ಕೊಟ್ಟವರು ಎಳೆದೊಯ್ದರು, ಕೆಲವು ಬೇರೆ ಜಿಲ್ಲೆಗೆ ಮಾರಾಟವಾದವು, ಯಾರಿಗೂ ಬೇಡವಾದವು ತೋಟ ಸೇರಿದವು. 2005ರಿಂದ 2010ರ ನಡುವೆ ನೋಂದಣಿಯಾದ ಆ ವಾಹನಗಳೆಲ್ಲ 2020ರಿಂದ 2025ರ ಅವಧಿಯಲ್ಲಿ 15 ವರ್ಷದ ಗೆರೆ ದಾಟಿವೆ. ಹೀಗಾಗಿ ಈ ಪ್ರಶ್ನೆ ಈಗ ಒಂದೊಂದು ಮನೆಯ ಪ್ರಶ್ನೆಯಾಗಿ ಉಳಿದಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ದೆಹಲಿ ಪ್ರದೇಶಕ್ಕೆ ಸಂಬಂಧಿಸಿದ 10 ಮತ್ತು 15 ವರ್ಷದ ಮಿತಿಯ ಸುದ್ದಿ ಓದಿ, ಕರ್ನಾಟಕದಲ್ಲಿಯೂ ವಯಸ್ಸಾದ ವಾಹನ ತಾನಾಗಿಯೇ ರದ್ದಾಗುತ್ತದೆಂದು ಹಲವರು ನಂಬಿದ್ದಾರೆ. ಖಾಸಗಿ ವಾಹನಗಳಿಗೆ ಇಲ್ಲಿ ಅಂತಹ ಸಾರ್ವತ್ರಿಕ ನಿಯಮವಿಲ್ಲ. ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾದ ವಾಹನ ಓಡಬಹುದು. ಆದರೆ ಓಡಿಸುವ ವೆಚ್ಚವನ್ನು ಉದ್ದೇಶಪೂರ್ವಕವಾಗಿ ಏರಿಸಲಾಗಿದೆ. 15 ವರ್ಷ ದಾಟಿದ ಲಾರಿಯ ಅರ್ಹತಾ ಪತ್ರದ ನವೀಕರಣಕ್ಕೆ 2021ರ ಅಕ್ಟೋಬರ್ ಅಧಿಸೂಚನೆ 12,500 ರೂಪಾಯಿ ಗೊತ್ತುಮಾಡಿತು. 20 ವರ್ಷ ದಾಟಿದ ವಾಹನಗಳ ದರ 2025ರಲ್ಲಿ ಮತ್ತೆ ಏರಿತು. ನಿಂತ ಲಾರಿಯನ್ನು ಮತ್ತೆ ರಸ್ತೆಗಿಳಿಸುವ ಯೋಚನೆ ಆರ್ಥಿಕವಾಗಿ ಮುಗಿದ ಅಧ್ಯಾಯ.

ಹಾಗಾದರೆ ತೂಕಕ್ಕೆ ಮಾರಿಬಿಡಬಾರದೇಕೆ? ಬಹುತೇಕ ಕುಟುಂಬಗಳು ಮಾಡುವುದೂ ಅದನ್ನೇ, ಅದೂ ಕಂತುಕಂತಾಗಿ. ಮೊದಲು ಬ್ಯಾಟರಿ, ನಂತರ ಎಂಜಿನ್. ಹಿಂದಿನ ಅಚ್ಚು ಟ್ರೇಲರಿಗೆ ಅಥವಾ ಟೈರು ಗಾಡಿಗೆ. ಕಮಾನುಪಟ್ಟಿಗಳು ಕಮ್ಮಾರನ ಕುಲುಮೆಗೆ. ಲಾರಿಯ ಕಮಾನುಪಟ್ಟಿಯಿಂದ ಬಡಿದ ಮಚ್ಚು ಅಂಗಡಿಯ ಮಚ್ಚಿಗಿಂತ ಹೆಚ್ಚು ಕಾಲ ಹದ ಹಿಡಿಯುತ್ತದೆಂಬುದು ಕಾಯಿ ಕೆತ್ತುವವರಿಗೆಲ್ಲ ಗೊತ್ತಿರುವ ಸಂಗತಿ. ಮರುಬಳಕೆ ಎಂಬ ಪದ ಸರ್ಕಾರಿ ಕಾಗದದಲ್ಲಿ ಕಾಣಿಸಿಕೊಳ್ಳುವ ಎಷ್ಟೋ ಮೊದಲೇ ಈ ಹಳ್ಳಿಗಳು ಲಾರಿಯನ್ನು ಮೂಳೆ ಸಹಿತ ಜೀರ್ಣಿಸಿಕೊಂಡಿದ್ದವು. ಉಳಿಯುವುದು ತಗಡು, ಚಾಸಿಯ ಎರಡು ತೊಲೆ, ಮತ್ತು ಒಂದು ನೋಂದಣಿ ಸಂಖ್ಯೆ. ತಗಡು ಹಾಗೂ ತೊಲೆಯನ್ನು ಗುಜರಿಯವರು ಒಯ್ಯುತ್ತಾರೆ. ಸಂಖ್ಯೆಯನ್ನು ಯಾರೂ ಒಯ್ಯುವುದಿಲ್ಲ.

ಅಪಾಯವಿರುವುದು ಆ ಸಂಖ್ಯೆಯಲ್ಲಿ. ಸತ್ತ ವಾಹನದ ದಾಖಲೆ ಹಾಗೂ ಚಾಸಿ ಸಂಖ್ಯೆಯನ್ನು ಕದ್ದ ವಾಹನಕ್ಕೆ ತೊಡಿಸುವ ದಂಧೆ ಪೊಲೀಸರಿಗೆ ಹೊಸದಲ್ಲ. ಖಾಲಿ ನಮೂನೆಗೆ ಸಹಿ ಹಾಕಿಕೊಟ್ಟು ವಾಹನ ಸಾಗಹಾಕುವ ಪದ್ಧತಿಯೂ ಹಳೆಯದೇ. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರವರಿಯಲ್ಲಿ, ವಾಹನ ಎಷ್ಟು ಕೈ ಬದಲಾಗಿದ್ದರೂ ನೋಂದಣಿ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆಗಾರರಾದ ಮಾಲೀಕರೆಂದು ಎತ್ತಿಹಿಡಿಯಿತು. ಲಾರಿಯನ್ನು ತೂಕಕ್ಕೆ ಮಾರಿ ಹಣ ಎಣಿಸಿಕೊಂಡ ವರ್ತಕ ಈ ತೀರ್ಪನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಮಾಲೀಕರು ತೀರಿಕೊಂಡಿದ್ದರೆ ತೊಡಕು ಇನ್ನಷ್ಟು. ವಾರಸುದಾರರು 30 ದಿನಗಳೊಳಗೆ ಮರಣದ ಸಂಗತಿಯನ್ನು ತಿಳಿಸಿ, 3 ತಿಂಗಳೊಳಗೆ 31ನೇ ನಮೂನೆಯಲ್ಲಿ ವರ್ಗಾವಣೆಗೆ ಅರ್ಜಿ ಸಲ್ಲಿಸಬೇಕೆಂದು ನಿಯಮ ಹೇಳುತ್ತದೆ. ಮೂರು ದಶಕದಿಂದ ನಿಂತ ವಾಹನಕ್ಕೆ ಯಾರು ತಾನೇ ಸಲ್ಲಿಸಿದ್ದಾರೆ? ಎಷ್ಟೋ ನೋಂದಣಿ ಪತ್ರಗಳಲ್ಲಿ ಸಾಲ ಕೊಟ್ಟ ಹಣಕಾಸು ಸಂಸ್ಥೆಯ ಅಡಮಾನದ ನಮೂದು ಇನ್ನೂ ಉಳಿದಿರುತ್ತದೆ. ಸಾಲ ತೀರಿರಬಹುದು; ಆದರೆ ಅದನ್ನು ಬರೆದುಕೊಡಬೇಕಾದ ಸಂಸ್ಥೆಯೇ ಬಾಗಿಲು ಮುಚ್ಚಿದ್ದರೆ ನಮೂದನ್ನು ತೆಗೆಸುವುದು ಹೇಗೆ?

ಸರ್ಕಾರದ ಕಡೆಯಿಂದ ಏನೂ ಆಗಿಲ್ಲವೆಂದು ಹೇಳಲಾಗದು. 2021ರ ಆಗಸ್ಟ್ 13ರಂದು ವಾಹನ ಗುಜರಿ ನೀತಿ ಅನಾವರಣಗೊಂಡಿತು. ಸೆಪ್ಟೆಂಬರ್‌ನಲ್ಲಿ ನೋಂದಾಯಿತ ಗುಜರಿ ಘಟಕಗಳ ನಿಯಮಗಳು ಬಂದವು. ಅಂತಹ ಘಟಕಕ್ಕೆ ವಾಹನ ಒಪ್ಪಿಸಿದವರಿಗೆ ಠೇವಣಿ ಪ್ರಮಾಣಪತ್ರ ದೊರೆಯುತ್ತದೆ. ಅದನ್ನು ತೋರಿಸಿ ಹೊಸ ವಾಹನ ಕೊಂಡರೆ ಸ್ವಂತ ಬಳಕೆಯ ವಾಹನಕ್ಕೆ ಶೇ. 25ರವರೆಗೆ, ಸಾರಿಗೆ ವಾಹನಕ್ಕೆ ಶೇ. 15ರವರೆಗೆ ತೆರಿಗೆ ರಿಯಾಯಿತಿಗೆ ಕೇಂದ್ರದ ನಿಯಮ ಅವಕಾಶ ಕೊಟ್ಟಿದೆ. ತಯಾರಕರು ಶೇ. 5ರಷ್ಟು ಸೋಡಿ ಕೊಡಬೇಕೆಂಬ ಸಲಹೆಯೂ ನೀತಿಯಲ್ಲಿದೆ. ಪ್ರಮಾಣಪತ್ರವನ್ನು ಬೇರೆಯವರಿಗೆ ಮಾರಲೂ ಬಹುದು. ತೋಟದ ಲಾರಿಯ ನಿಜವಾದ ಬೆಲೆ ಅದರ ತೂಕದಲ್ಲಷ್ಟೇ ಅಲ್ಲ, ಈ ಕಾಗದದಲ್ಲಿಯೂ ಇದೆ. ಸ್ಥಳೀಯ ಗುಜರಿಗೆ ಮಾರಿದವರಿಗೆ ಈ ಎರಡನೆಯ ಬೆಲೆ ದೊರೆಯುವುದಿಲ್ಲ.

2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ಜೀವಿತಾವಧಿ ಮುಗಿದ ವಾಹನಗಳ ನಿಯಮಗಳು ಇನ್ನೊಂದು ಹೆಜ್ಜೆ ಮುಂದಿಟ್ಟಿವೆ. ವಾಹನ ತಯಾರಕರು ತಾವು ಹಿಂದೆ ಮಾರುಕಟ್ಟೆಗೆ ಬಿಟ್ಟ ವಾಹನಗಳ ಉಕ್ಕಿನಲ್ಲಿ ಒಂದು ಪಾಲನ್ನು, ಮೊದಲ 5 ವರ್ಷಗಳಲ್ಲಿ ಶೇ. 8ರಷ್ಟನ್ನು, ಮರುಬಳಕೆಯ ಮೂಲಕ ಲೆಕ್ಕ ತೋರಿಸಬೇಕು. ವಾಹನದ ಜೀವಿತಾವಧಿ ಮುಗಿದ 180 ದಿನಗಳೊಳಗೆ ಮಾಲೀಕರು ಅದನ್ನು ಗೊತ್ತಾದ ಮಾರಾಟ ಮಳಿಗೆಗೆ, ಸಂಗ್ರಹಣಾ ಕೇಂದ್ರಕ್ಕೆ ಅಥವಾ ನೋಂದಾಯಿತ ಘಟಕಕ್ಕೆ ಒಪ್ಪಿಸಬೇಕು. ಕೃಷಿ ಟ್ರ್ಯಾಕ್ಟರು, ಟ್ರೇಲರು, ಪವರ್ ಟಿಲ್ಲರುಗಳಿಗೆ ಈ ನಿಯಮಗಳಿಂದ ವಿನಾಯಿತಿ ಇದೆ. ಜಪಾನಿನಲ್ಲಿ 2005ರ ಜನವರಿಯಿಂದ ಜಾರಿಯಲ್ಲಿರುವ ಕಾನೂನಿನಂತೆ ಹೊಸ ಕಾರು ಕೊಳ್ಳುವಾಗಲೇ ಅದರ ಅಂತ್ಯದ ವೆಚ್ಚವನ್ನು ಕಟ್ಟಿಸಿಕೊಳ್ಳಲಾಗುತ್ತದೆ. ಮುಂದೆ ವಾಹನವನ್ನು ತೋಟದಲ್ಲಿ ಬಿಡುವುದರಿಂದ ಯಾರಿಗೂ ಉಳಿತಾಯವಿಲ್ಲ. ಭಾರತದ ನಿಯಮ ಆ ಹೊರೆಯನ್ನು ತಯಾರಕರ ಮೇಲೆ ಹಾಕಿದೆ. ಅಂದರೆ ಹಳೆಯ ವಾಹನ ಯಾರಿಗೂ ಬೇಡದ ವಸ್ತುವಾಗಿ ಉಳಿದಿಲ್ಲ. ಅದರ ಉಕ್ಕಿನ ಲೆಕ್ಕ ತೋರಿಸಲೇಬೇಕಾದ ದೊಡ್ಡ ಕಂಪನಿಗಳಿವೆ.

ಆದರೂ ದಂಡಿನಶಿವರದ ಲಾರಿ ಅಲುಗುವುದಿಲ್ಲ. ನಿಯಮ ಬರೆದವರ ಕಣ್ಣ ಮುಂದೆ ಇದ್ದದ್ದು ಹೊಗೆ ಉಗುಳುತ್ತ ನಗರದಲ್ಲಿ ಓಡುವ ವಾಹನ. ಅದು ತನ್ನ ಚಕ್ರದ ಮೇಲೆಯೇ ಘಟಕದ ಬಾಗಿಲಿಗೆ ಬರಬಲ್ಲದು. ಮಣ್ಣಿಗೆ ಇಳಿದ ಲಾರಿಯನ್ನು ಕ್ರೇನಿನಿಂದ ಎತ್ತಿ, ಇನ್ನೊಂದು ಲಾರಿಯ ಮೇಲಿರಿಸಿ ನೂರಾರು ಕಿಲೋಮೀಟರು ಸಾಗಿಸುವ ಬಾಡಿಗೆ ಗುಜರಿಯ ಬೆಲೆಯನ್ನು ತಿಂದುಹಾಕುತ್ತದೆ. ಅದಕ್ಕೂ ಮೊದಲು ಬಾಕಿ ತೆರಿಗೆ ತೀರಬೇಕು. 2021ರ ಮಾರ್ಚ್‌ನಲ್ಲಿ ಪ್ರಕಟವಾದ ಕೇಂದ್ರ ಸಾರಿಗೆ ಮಂತ್ರಾಲಯದ ಅಂಕಿಗಳಂತೆ 15 ವರ್ಷ ದಾಟಿದ ಸುಮಾರು 4 ಕೋಟಿ ವಾಹನಗಳು ದೇಶದಲ್ಲಿದ್ದು, 70 ಲಕ್ಷಕ್ಕೂ ಹೆಚ್ಚು ವಾಹನಗಳೊಂದಿಗೆ ಕರ್ನಾಟಕ ಮೊದಲ ಸ್ಥಾನದಲ್ಲಿತ್ತು. ಪತ್ರಿಕೆಗಳು ಇವೆಲ್ಲ ರಸ್ತೆಯಲ್ಲಿ ಓಡುತ್ತಿವೆ ಎಂದೇ ಬರೆದವು. ನೋಂದಣಿ ರದ್ದಾಗದ ಸಂಖ್ಯೆಗಳ ಮೊತ್ತವದು. ಅದರಲ್ಲಿ ಓಡುತ್ತಿರುವವೆಷ್ಟು, ಸೋಗೆಯ ಕೆಳಗೆ ಮಲಗಿರುವವೆಷ್ಟು ಎಂಬುದನ್ನು ಆ ಪುಸ್ತಕ ಹೇಳಲಾರದು.

ವಾಣಿಜ್ಯ ಮಂಡಳಿಗಳು ಪ್ರವೇಶಿಸಬೇಕಾದ ಸ್ಥಳ ಇದು. ಓಡದ ವಾಹನದ ಮೇಲೆ ಏರಿದ ತೆರಿಗೆಯನ್ನು ಒಂದಾವರ್ತಿ ಮನ್ನಾ ಮಾಡಿ, ವಾಹನವನ್ನು ನೋಂದಾಯಿತ ಘಟಕಕ್ಕೆ ಒಪ್ಪಿಸುವ ಷರತ್ತಿನ ಮೇಲೆ ಕಡತ ಮುಚ್ಚುವಂತೆ ರಾಜ್ಯ ಸರ್ಕಾರವನ್ನು ಒತ್ತಾಯಿಸುವುದು ನ್ಯಾಯವಾದ ಬೇಡಿಕೆ. ಹಳೆಯ ವಾಹನಗಳ ಬಾಕಿ ಮನ್ನಾ ಮಾಡುವ ರಾಜ್ಯಗಳಿಗೆ ಬಂಡವಾಳ ವೆಚ್ಚದ ವಿಶೇಷ ನೆರವಿನ ಯೋಜನೆಯಲ್ಲಿ ಕೇಂದ್ರವು 2022-23ರಿಂದ ಪ್ರೋತ್ಸಾಹಧನವನ್ನು ಇರಿಸಿದ್ದುಂಟು. ಬೇಡಿಕೆ ತೀರ ಹೊಸದೂ ಅಲ್ಲ. ಕ್ರಮಬದ್ಧವಾಗಿ ತೆರಿಗೆ ಕಟ್ಟಿದವರಿಗೆ ಇದರಿಂದ ಅನ್ಯಾಯವಾಗದೇ ಎಂಬ ಆಕ್ಷೇಪಕ್ಕೆ ಬೆಲೆಯಿದೆ. ತೆರಿಗೆ ತಪ್ಪಿಸಿ ಓಡಿಸಿದ ವಾಹನಕ್ಕೂ ನಿಜವಾಗಿ ನಿಂತ ವಾಹನಕ್ಕೂ ವ್ಯತ್ಯಾಸ ಮಾಡಲೇಬೇಕು. ವಿಮೆ ಮತ್ತು ಅರ್ಹತಾ ಪತ್ರ ಎಂದು ನಿಂತವು, ಫಾಸ್ಟ್ಯಾಗ್ ಕಡ್ಡಾಯವಾದ 2021ರ ನಂತರ ಯಾವುದಾದರೂ ಸುಂಕದ ಕಟ್ಟೆ ದಾಟಿದೆಯೇ ಎಂಬುದನ್ನು ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಉಳಿದ ಅರ್ಧಕ್ಕೆ ನಿರೀಕ್ಷಕರು ತೋಟಕ್ಕೆ ಬಂದು ನೋಡಬೇಕು. ಚಾಸಿಯ ನಡುವೆ ಬೆಳೆದ ಮರದ ದಪ್ಪವನ್ನು ಸುಳ್ಳು ದಾಖಲೆ ಎನ್ನಲಾಗದು.

ಎರಡನೆಯದು ಸ್ಥಳದ ಪ್ರಶ್ನೆ. ಕೊಬ್ಬರಿಯ ಮಾರುಕಟ್ಟೆಯಿಂದಾಗಿ ಸುತ್ತಲಿನ ತಾಲ್ಲೂಕುಗಳ ಜನ ಹೇಗೂ ಬರುವ ತಿಪಟೂರಿನಲ್ಲಿ ಒಂದು ಸಂಗ್ರಹಣಾ ಕೇಂದ್ರ ತೆರೆಯಬೇಕು. ವರ್ಷಕ್ಕೆ ಎರಡು ಬಾರಿ ಗೊತ್ತಾದ ವಾರದಲ್ಲಿ ಕ್ರೇನು ಹೋಬಳಿಗಳಿಗೆ ಬಂದರೆ ಎತ್ತುವ ವೆಚ್ಚ ಹತ್ತು ಮನೆಗಳಲ್ಲಿ ಹಂಚಿಹೋಗುತ್ತದೆ. ಸ್ಥಳೀಯ ಗುಜರಿ ವರ್ತಕರನ್ನು ಹೊರಗಿಟ್ಟು ಇದನ್ನು ಮಾಡಬಾರದು, ಮಾಡಲಾಗುವುದೂ ಇಲ್ಲ. ಯಾವ ತೋಟದಲ್ಲಿ ಏನಿದೆಯೆಂದು ಬಲ್ಲವರು ಅವರೇ. 2024ರ ಅಕ್ಟೋಬರ್ 10ರಿಂದ, ನೋಂದಣಿಯಿಲ್ಲದವರಿಂದ ಲೋಹದ ಗುಜರಿ ಕೊಳ್ಳುವ ನೋಂದಾಯಿತ ವರ್ತಕರು ಶೇ. 18ರ ಜಿ.ಎಸ್.ಟಿ.ಯನ್ನು ರಿವರ್ಸ್ ಚಾರ್ಜ್ ಪದ್ಧತಿಯಲ್ಲಿ ತಾವೇ ಕಟ್ಟಬೇಕಾಗಿದೆ. ಲೆಕ್ಕವಿಡುವವರಿಗೆ ಹೊರೆ, ಲೆಕ್ಕವಿಡದವರಿಗೆ ಅನುಕೂಲ ಎಂಬಂತಾಗಿದೆ. ಈ ವರ್ತಕರನ್ನು ನೋಂದಾಯಿತ ಘಟಕದ ಅಧಿಕೃತ ಸಂಗ್ರಾಹಕರನ್ನಾಗಿಸಿ ನ್ಯಾಯವಾದ ಕಮಿಷನ್ ಕೊಟ್ಟರೆ ವ್ಯಾಪಾರವೂ ಉಳಿಯುತ್ತದೆ, ಸಂಖ್ಯೆಯೂ ರದ್ದಾಗುತ್ತದೆ, ಬ್ಯಾಟರಿಯ ಆಮ್ಲ, ಹಳೆಯ ಎಣ್ಣೆಗಳು ತೆಂಗಿನ ಬೇರಿಗೆ ಇಳಿಯುವುದೂ ತಪ್ಪುತ್ತದೆ. ಗುಜರಿ ಉಕ್ಕನ್ನು ಕರಗಿಸುವ ಎರಕದ ಕಾರ್ಖಾನೆಗಳಿಗೆ ಶಿವಮೊಗ್ಗದಲ್ಲಾಗಲಿ ಬೆಳಗಾವಿಯಲ್ಲಾಗಲಿ ಕೊರತೆಯಿಲ್ಲ.

ಎಲ್ಲವೂ ಕುಲುಮೆಗೇ ಹೋಗಬೇಕೆಂಬುದು ಇಲ್ಲಿನ ವಾದವಲ್ಲ. ಮೈಸೂರು ರಾಜ್ಯದ ಕಾಲದ ಎಂ.ವೈ. ಸಂಖ್ಯೆಯ ಕಾರೊಂದು ಕೊಟ್ಟಿಗೆಯಲ್ಲಿ ಸಿಕ್ಕಿದರೆ ಕೊಡಲಿ ಎತ್ತುವ ಮೊದಲು ಯೋಚಿಸಬೇಕು. 50 ವರ್ಷ ಮೀರಿದ, ಮೂಲ ರೂಪದಲ್ಲಿರುವ ದ್ವಿಚಕ್ರ ವಾಹನ ಹಾಗೂ ಕಾರುಗಳನ್ನು ಪಾರಂಪರಿಕ ವಾಹನಗಳೆಂದು ನೋಂದಾಯಿಸಲು 2021ರ ಜುಲೈನಿಂದ ಅವಕಾಶವಿದೆ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ಹಳೆಯ ಕಾರುಗಳಿಗೆ ಶ್ರೀರಂಗಪಟ್ಟಣದ ಬಳಿ 'ಪಯಣ' ಎಂಬ ಸಂಗ್ರಹಾಲಯವೇ 2023ರಲ್ಲಿ ಆರಂಭವಾಯಿತು. ವಿಚಿತ್ರವೆಂದರೆ ಪಾರಂಪರಿಕ ನಿಯಮದಲ್ಲಿ ಲಾರಿಗೆ ಸ್ಥಾನವಿಲ್ಲ. 1954ರಿಂದ 1969ರವರೆಗೆ ಟಾಟಾ ಕಂಪನಿಯು ಮರ್ಸಿಡಿಸ್ ಬೆಂಜ್ ಸಹಯೋಗದಲ್ಲಿ ತಯಾರಿಸಿದ ಲಾರಿಗಳು ಮೂಗಿನ ಮೇಲೆ ತಾರೆಯ ಗುರುತು ಹೊತ್ತು ಕೊಬ್ಬರಿಯ ಮೂಟೆ ಸಾಗಿಸಿದ ಕಾಲ ಹಿರಿಯ ವರ್ತಕರಿಗೆ ನೆನಪಿರಬಹುದು. ಸಾಹುಕಾರರ ಕಾರು ಪರಂಪರೆಯಾಗಿ, ಪೇಟೆಯನ್ನು ಬೆಳೆಸಿದ ಲಾರಿ ಬರಿಯ ಗುಜರಿಯಾಗುವುದು ಸರಿಯಲ್ಲ. ಅಂತಹ ಒಂದು ಲಾರಿಯನ್ನಾದರೂ ತಿಪಟೂರಿನಲ್ಲಿ ಉಳಿಸಿಕೊಳ್ಳುವ ಶಕ್ತಿ ಈ ಸೀಮೆಯ ವರ್ತಕರಿಗಿದೆ.

ಸರ್ಕಾರ ಮನ್ನಾ ಮಾಡುವವರೆಗೆ ಸುಮ್ಮನಿರುವವರು ಒಂದು ಕೆಲಸವನ್ನು ಮಾತ್ರ ಮುಂದೂಡಬಾರದು. ಚಾಸಿಯ ಮೇಲೆ ಕೊರೆದ ಸಂಖ್ಯೆಯೇ ಮುಂದಿನ ಎಲ್ಲ ಅರ್ಜಿಗಳಿಗೆ ಆಧಾರ, ಮತ್ತು ತುಕ್ಕು ಮೊದಲು ತಿನ್ನುವುದು ಅದನ್ನೇ. ಮಳೆಗಾಲಕ್ಕೆ ಮುನ್ನ ಸೋಗೆ ಸರಿಸಿ, ತಂತಿಯ ಬ್ರಷ್ಷಿನಿಂದ ತೊಲೆಯನ್ನು ಉಜ್ಜಿ, ತೆಳುಗಾಗದವಿರಿಸಿ ಪೆನ್ಸಿಲಿನಿಂದ ಅದರ ಅಚ್ಚು ತೆಗೆದುಕೊಂಡು, ಜಾಗಕ್ಕೆ ಎಣ್ಣೆ ಬಳಿದು, ಅಚ್ಚನ್ನು ನೋಂದಣಿ ಪತ್ರದ ಜೊತೆ ಪಹಣಿ ಇಡುವ ಪೆಟ್ಟಿಗೆಯಲ್ಲಿ ಇಡಬೇಕು. ಅರ್ಧ ಗಂಟೆಯ ಕೆಲಸ.